ಕೃಷ್ಣಶಕ್ತಿಯೂ ಸಜ್ಜೆ ರೊಟ್ಟಿಯೂ

೨೦೨೫ರ ಜನವರಿ. ಆಗ ನಾನು ಗೋಕಾಕದ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಬಾಕಿ ಇತ್ತು. ನಮ್ಮ ಭಾಗದ ಭೌತಶಾಸ್ತ್ರ ಅಧ್ಯಾಪಕರದೊಂದು ಬಳಗವಿದೆ. ಜನಸಾಮಾನ್ಯರು ಓದುವಂಥ ಒಂದು ವಿಜ್ಞಾನದ ಪುಸ್ತಕವನ್ನು ಕನ್ನಡದಲ್ಲಿ ತರುವುದೆಂದು ಆ ಬಳಗ ನಿರ್ಧರಿಸಿತ್ತು. ಅದರ ಕಡೆಯ ಅಧ್ಯಾಯದ ವಿಷಯ, ವಿಶ್ವ ಏಕೆ ಹೆಚ್ಚು ಹೆಚ್ಚು ವೇಗದಲ್ಲಿ ಹಿಗ್ಗುತ್ತಿದೆ ಎಂಬುದು. ಆ ಅಧ್ಯಾಯ ನನ್ನದೇ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವಿದೆಯೆಂದೂ ಅನ್ನಿಸಿರಲಿಲ್ಲ. ನಮ್ಮ ಕಡೆ ಈ ವಿಷಯವನ್ನು ಹಟ ಹಿಡಿದು ಓದಿದವರು ಬೇರೆ ಯಾರಿದ್ದರು?

ಇದ್ದ, ಒಬ್ಬ ಇದ್ದ. ಮೂಡಲಗಿಯ ಕಾಲೇಜಿನ ಲಕ್ಕಪ್ಪ ಪೂಜೇರಿ.

ಲಕ್ಕಪ್ಪ ನನಗಿಂತ ಬಹಳ ಚಿಕ್ಕವನು. ಕುರಿ ಸಾಕುವ ಮನೆತನದಿಂದ ಬಂದು, ಧಾರವಾಡದಲ್ಲಿ ಓದಿ, ಒಳ್ಳೆಯ ಅಂಕ ಪಡೆದು ಅಧ್ಯಾಪಕನಾದವನು. ಎದುರಿಗೆ ಸಿಕ್ಕಾಗ ನಾನು ಅವನಿಗೆ 'ಪೂಜೇರಿ ಸರ್, ಬರ್ರಿ' ಎಂದೇ ಮರ್ಯಾದೆ ಕೊಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವನು ಬರೀ 'ಅವನು'. ಇಲ್ಲಿ ಮನಸ್ಸಿನಲ್ಲಿದ್ದ ಹಾಗೆಯೇ ಬರೆಯುತ್ತೇನೆ. ಅವನು ನನ್ನನ್ನು ಮೇಡಂ ಎನ್ನುತ್ತಿರಲಿಲ್ಲ. ನಮ್ಮ ಕಡೆ ಹಳ್ಳಿಯ ಸಾಲೆಯ ಮಕ್ಕಳು ಶಿಕ್ಷಕಿಯನ್ನು ಕರೆಯುವ ಹಾಗೆ 'ಅಕ್ಕಾರ' ಎನ್ನುತ್ತಿದ್ದ. ವಿಭಾಗದ ಮುಖ್ಯಸ್ಥೆಗೆ ಅಕ್ಕಾರ! ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಪುಸ್ತಕದ ಹೊಣೆ ಹೊತ್ತವರು ಬೆಳಗಾವಿಯ ನಿವೃತ್ತ ಪ್ರಾಧ್ಯಾಪಕ ದೇಶಪಾಂಡೆ ಸರ್. ಅವರು ಫೋನ್ ಮಾಡಿ ಹೇಳಿದರು: "ಅಂಗಡಿ ಮೇಡಂ, ಕಡೀ ಅಧ್ಯಾಯಕ್ಕ ನೀವೂ ಅದೀರಿ, ಪೂಜೇರಿನೂ ಅದಾನ. ಜನರ ಮುಂದ ಮಾತಾಡಿ ತೋರಸ್ರಿ. ಗೋಕಾಕದಾಗ ನೀವು, ಮೂಡಲಗ್ಯಾಗ ಅವ, ಹುಕ್ಕೇರ್ಯಾಗ ಇಬ್ಬರೂ. ಹುಕ್ಕೇರಿಗೆ ನಾ ಬರ್ತೀನಿ. ಯಾರು ಬರೀಬೇಕು ಅನ್ನೂದನ್ನ ಅಲ್ಲೇ ಹೇಳ್ತೀನಿ."

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದವಳಿಗೆ ಪರೀಕ್ಷೆಯಂತೆ, ಅದೂ ಲಕ್ಕಪ್ಪನ ಜೊತೆಗೆ! ಅಂದು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಪೆಟ್ಟು ಎಷ್ಟು ಜೋರಾಗಿತ್ತೆಂದರೆ ನಮ್ಮ ಯಜಮಾನರು ಅಡುಗೆಮನೆಗೇ ಬಂದು ನಿಂತರು. "ಯಾರ್ ಮ್ಯಾಲಿನ ಸಿಟ್ಟು ಅದು? ರೊಟ್ಟಿ ಪಾಪ, ಏನ್ ಮಾಡೇತಿ?" ಎಂದು ಕೇಳಿದರು. ನಾನು ಇನ್ನೊಂದು ಉಂಡೆ ಎತ್ತಿಕೊಂಡು ಬಡಿಯತೊಡಗಿದೆ.

ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ಮೇಲಕ್ಕೆ ಎಸೆದ ಚೆಂಡಿನ ವೇಗ ಏರುತ್ತ ಏರುತ್ತ ತಗ್ಗುತ್ತದೆ, ಏಕೆಂದರೆ ಭೂಮಿ ಅದನ್ನು ಕೆಳಕ್ಕೆಳೆಯುತ್ತದೆ. ವಿಶ್ವ ಹಿಗ್ಗುತ್ತಿದೆಯೆಂಬುದು ಸುಮಾರು ನೂರು ವರ್ಷಗಳಿಂದ ಗೊತ್ತು. ಗೆಲಾಕ್ಸಿಗಳು ಪರಸ್ಪರ ಸೆಳೆಯುವುದರಿಂದ ಈ ಹಿಗ್ಗುವಿಕೆಯೂ ನಿಧಾನವಾಗುತ್ತಿರಬೇಕು ಎಂದೇ ಎಲ್ಲರೂ ನಂಬಿದ್ದರು. ಬಹುದೂರದಲ್ಲಿ ಸಿಡಿಯುವ ಒಂದು ಬಗೆಯ ನಕ್ಷತ್ರಗಳಿವೆ, ಅವುಗಳ ನಿಜವಾದ ಪ್ರಕಾಶ ಎಷ್ಟೆಂದು ಲೆಕ್ಕ ಹಾಕಬಹುದು. ೧೯೯೮ರಲ್ಲಿ ಅಳೆದು ನೋಡಿದಾಗ ಆ ಸೂಪರ್‌ನೋವಾಗಳು ಲೆಕ್ಕಕ್ಕಿಂತ ಮಂಕಾಗಿ ಕಂಡವು. ಮಂಕಾಗಿವೆ ಎಂದರೆ ಅವು ಎಣಿಸಿದ್ದಕ್ಕಿಂತ ದೂರದಲ್ಲಿವೆ. ಅಂದರೆ ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ಇನ್ನೂ ಜೋರಾಗುತ್ತಿದೆ. ಇದನ್ನು ಮಾಡಿಸುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟರು. ಹೆಸರೇನೋ ಇಟ್ಟರು, ಅದು ಏನೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ತಿಳಿಯದೆ ಇದ್ದದ್ದು ವಿಶ್ವದ ಮೂರರಲ್ಲಿ ಸುಮಾರು ಎರಡು ಪಾಲು!

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? 'ಕಪ್ಪು ಶಕ್ತಿ' ಎಂದರೆ ನಮ್ಮ ಕಡೆಯ ಜನ ಮಾಟ, ಭಾನಾಮತಿ ಎಂದುಕೊಳ್ಳುತ್ತಾರೆ. ಬ್ಲ್ಯಾಕ್ ಹೋಲಿಗೆ ಕೃಷ್ಣವಿವರ ಎನ್ನುವುದಿಲ್ಲವೇ, ಹಾಗೆಯೇ ಇದಕ್ಕೆ 'ಕೃಷ್ಣಶಕ್ತಿ' ಎಂದು ಇಟ್ಟೆ. ಗಂಭೀರವಾದ ಶಬ್ದ. ಬ್ಯಾನರ್ ಬರೆಸಿ ಕಾಲೇಜಿನ ಗೇಟಿಗೆ ಕಟ್ಟಿಸಿದೆ: 'ಕೃಷ್ಣಶಕ್ತಿ: ವಿಶ್ವದ ಹಿಗ್ಗಿಗೆ ಕಾರಣ. ಎಲ್ಲರಿಗೂ ಸ್ವಾಗತ.'

ಗೋಕಾಕದ ಉಪನ್ಯಾಸದ ಸಂಜೆ ಸಭಾಂಗಣ ತುಂಬಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಮೊದಲ ಸಾಲಿನಲ್ಲಿ ಬಿಳಿ ಟೊಪ್ಪಿಗೆಯ ಹಿರಿಯರು ಕೂತಿದ್ದರು. ಅವರ ಕಾಲ ಬಳಿ ಏನೇನೋ ಗಂಟುಗಳಿದ್ದವು. ಊರಿಂದ ಸಂತೆಗೆ ಬಂದವರು ಹಾಗೆಯೇ ಇತ್ತ ಬಂದಿರಬೇಕೆಂದುಕೊಂಡೆ. ಸ್ಲೈಡ್ ತೋರಿಸಿದೆ, ಸಮೀಕರಣಗಳನ್ನು ಬಿಡಿಸಿ ಹೇಳಿದೆ, ಸೂಪರ್‌ನೋವಾಗಳ ನಕ್ಷೆ ಹಾಕಿದೆ. ಯಾರೂ ಎದ್ದು ಹೋಗಲಿಲ್ಲ. ಪ್ರಶ್ನೆ ಕೇಳಿ ಎಂದಾಗ ಮೊದಲ ಸಾಲಿನ ಹಿರಿಯರು ಕೈಮುಗಿದು ಎದ್ದರು. ಅವರ ಹೆಸರು ಸಿದ್ದಪ್ಪಜ್ಜ ಎಂದು ಆಮೇಲೆ ತಿಳಿಯಿತು.

"ಅಕ್ಕಾರ, ಎಲ್ಲಾ ಭಾಳ ಛಲೋ ಹೇಳಿದ್ರಿ. ಆದ್ರ ಇದರಾಗ ಕೃಷ್ಣ ಎಲ್ಲಿ ಬಂದ್ರಿ?"

ಅವರ ಕಾಲ ಬಳಿಯ ಗಂಟುಗಳಲ್ಲಿ ತಾಳವಿತ್ತು, ಹಾರ್ಮೋನಿಯಂ ಇತ್ತು. ಅದು ಪೂರ್ತಿ ಒಂದು ಭಜನಿ ಮೇಳ! ಬ್ಯಾನರ್ ಓದಿ, ಕೃಷ್ಣ ಪರಮಾತ್ಮನ ಪ್ರವಚನವೆಂದುಕೊಂಡು, ಮುಗಿದ ಮೇಲೆ ನಾಲ್ಕು ಪದ ಹಾಡಿ ಹೋಗೋಣವೆಂದು ಬಂದಿದ್ದರು. ಸಭಾಂಗಣವೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಲಕ್ಕಪ್ಪ ಮಾತ್ರ ನಗಲಿಲ್ಲ. ಅವನೂ ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ತಲೆ ತಗ್ಗಿಸಿ ಏನನ್ನೋ ಯೋಚಿಸುತ್ತಿದ್ದ, ಅದನ್ನು ಕಂಡು ನನಗೆ ಹೆದರಿಕೆಯೇ ಆಯಿತು.

ಸಂಕ್ರಾಂತಿ ಕಳೆದ ಮೇಲೆ ಮೂಡಲಗಿಯ ಉಪನ್ಯಾಸ. ಹೋಗುವುದೇ ಬೇಡವೆಂದುಕೊಂಡಿದ್ದೆ. ಆದರೆ ಹೋಗದಿದ್ದರೆ ಅವನು ಎಲ್ಲಿ ಎಡವಿದ ಎಂಬುದು ತಿಳಿಯುವುದು ಹೇಗೆ? ಬಸ್ಸು ಹತ್ತಿ ಹೋಗಿ ಹಿಂದಿನ ಕುರ್ಚಿ ಹಿಡಿದೆ. ಲಕ್ಕಪ್ಪನ ಕೈಯಲ್ಲಿ ಸ್ಲೈಡೂ ಇರಲಿಲ್ಲ, ಮೈಕೂ ಇರಲಿಲ್ಲ.

"ನಿನ್ನಿ ಮೊನ್ನಿ ಭೋಗಿ ಹಬ್ಬಕ್ಕ ಎಲ್ಲಾರೂ ಸಜ್ಜಿ ರೊಟ್ಟಿ ತಿಂದೀರಿ. ಎಳ್ಳು ಹಚ್ಚಿದ್ದು. ಹೌದಲ್ರಿ? ಹಿಟ್ಟಿನ ಉಂಡಿಗೆ ಎಳ್ಳು ಹಚ್ಚಿ ಬಡದ್ರ ಏನಾಗ್ತೈತಿ? ಎಳ್ಳು ಒಂದಕ್ಕೊಂದು ದೂರ ಸರೀತಾವ. ಎಳ್ಳಿಗೇನು ಕಾಲು ಅದಾವು? ನಡದು ಹೋಗಾಕತ್ತಾವು? ಇಲ್ಲ. ಕೆಳಗಿನ ಹಿಟ್ಟು ಹಿಗ್ಗಾಕತ್ತೈತಿ. ಗೆಲಾಕ್ಸಿ ಅಂದ್ರ ಎಳ್ಳು. ಹಿಟ್ಟು ಅಂದ್ರ ಖಾಲಿ ಜಾಗ. ಇಷ್ಟs ವಿಷಯ."

ಅಯ್ಯ ಶಿವನೇ, ರೊಟ್ಟಿ! ನಲವತ್ತು ವರ್ಷ ದಿನಾ ಬೆಳಗ್ಗೆ ನನ್ನ ಎರಡು ಕೈಯ ಕೆಳಗೆ ತಿರುಗಿದ ರೊಟ್ಟಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು. ನಾನು ಬಲೂನು, ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಎಂದು ಇಂಗ್ಲಿಷ್ ಪುಸ್ತಕದ ಉದಾಹರಣೆ ಹೇಳುತ್ತಲೇ ಇದ್ದೆ. ಒಮ್ಮೆಯೂ ಹಿಟ್ಟು ನಾದಿರದ ಆ ಗಂಡಸು ನನ್ನ ಅಡುಗೆಮನೆಗೆ ಕೈಯಿಟ್ಟು, ನನ್ನ ರೊಟ್ಟಿಯನ್ನು ನನ್ನ ಕಣ್ಣೆದುರೇ ಎತ್ತಿಕೊಂಡು ಹೋದ.

ಅಷ್ಟಕ್ಕೂ ಬಿಡಲಿಲ್ಲ. ವೇಗ ಏಕೆ ಹೆಚ್ಚುತ್ತಿದೆ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ಮೂರು ವಿವರಣೆಗಳನ್ನೂ ಅದೇ ರೊಟ್ಟಿಯ ಮೇಲೆ ಕೂರಿಸಿದ.

"ಬಡದಷ್ಟೂ ರೊಟ್ಟಿ ತೆಳ್ಳಗ ಆಗಬೇಕು, ಹೌದಲ್ರಿ? ಒಂದನೇ ಮಂದಿ ಹೇಳ್ತಾರ, ಈ ರೊಟ್ಟಿ ತೆಳ್ಳಗ ಆಗೂದಿಲ್ಲ. ಖಾಲಿ ಜಾಗಕ್ಕs ತನ್ನದೊಂದು ಶಕ್ತಿ ಐತಿ. ಜಾಗ ಹೆಚ್ಚಾದಂಗ ಅದೂ ಹೆಚ್ಚಾಗ್ತೈತಿ. ಹಿಗ್ಗಿದಷ್ಟೂ ಹಿಗ್ಗಸೂ ಜೋರು ಹೆಚ್ಚು. ಇದಕ್ಕ ಕಾಸ್ಮಾಲಾಜಿಕಲ್ ಕಾನ್‌ಸ್ಟಂಟ್ ಅಂತಾರ. ಎರಡನೇ ಮಂದಿ ಹೇಳ್ತಾರ, ತೆಳ್ಳಗ ಆಗ್ತೈತಿ, ಖರೆ ಭಾಳ ಸಾವಕಾಶ. ಆ ಶಕ್ತಿ ಕಾಲ ಕಳದಂಗ ಬದಲಾಗ್ತೈತಿ, ಮುಂದ ಒಂದು ದಿನ ಸೋತು ಬಿಡಬಹುದು. ಅದಕ್ಕ ಕ್ವಿಂಟೆಸೆನ್ಸ್ ಅಂತಾರ. ಮೂರನೇ ಮಂದಿ, ಹಿಟ್ಟಿನ್ಯಾಗ ಹೊಸಾದು ಏನೂ ಇಲ್ಲ, ನಮ್ಮ ಅಳತಿ ಪಟ್ಟಿನs ತಪ್ಪು ಅಂತಾರ. ಅಂದ್ರ ಗುರುತ್ವದ ನಿಯಮ ಬಾಜೂಕ ಖರೆ, ಭಾಳ ದೂರ ಹೋದ್ರ ಬ್ಯಾರೆ ಅಂತ."

ಎಲ್ಲವೂ ಸರಿಯಾಗಿತ್ತು. ತಪ್ಪು ಹುಡುಕಲು ಹೋದವಳಿಗೆ ಒಂದೇ ಒಂದು ತಪ್ಪೂ ಸಿಗಲಿಲ್ಲ. ಅಷ್ಟರಲ್ಲಿ ನಡುವಿನ ಸಾಲಿನಿಂದ ಯಾರೋ ಕೂಗಿದರು: "ಸರ್ರ, ಅದು ಅಷ್ಟ್ಯಾಕ ಹಿಗ್ಗಾಕತ್ತೈತ್ರಿ? ಅದಕ್ಕೇನು ಮಗನ ಮದವಿ ಗೊತ್ತಾಗೇತೇನು?" ಜನ ಬಿದ್ದು ಬಿದ್ದು ನಕ್ಕರು. ನಮ್ಮ ಕನ್ನಡದ ಹಿಗ್ಗು ಅಂಥದ್ದು, ಹರವು ದೊಡ್ಡದಾದರೂ ಹಿಗ್ಗೇ, ಸಂತೋಷವಾದರೂ ಹಿಗ್ಗೇ. ಲಕ್ಕಪ್ಪನೂ ನಕ್ಕ. "ಕಾರಣ ನನಗೂ ಗೊತ್ತಿಲ್ರಿ. ಗೊತ್ತಾದವರಿಗೆ ಜಗತ್ತಿನಾಗ ಭಾಳ ದೊಡ್ಡ ಇನಾಮ ಕಾದೈತಿ," ಎಂದ. ಚಪ್ಪಾಳೆಯ ಮೇಲೆ ಚಪ್ಪಾಳೆ. ನಾನೂ ತಟ್ಟಿದೆ, ಶಬ್ದ ಬಾರದ ಹಾಗೆ.

ಹೊರಗೆ ಬಂದರೆ ಅಲ್ಲಿ ಸಿದ್ದಪ್ಪಜ್ಜ! ತಾಳವನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ನನ್ನನ್ನು ಕಂಡು ಮುಖವರಳಿಸಿ ಹೇಳಿದರು: "ಅಕ್ಕಾರ, ಈಗ ತಿಳೀತ್ ನೋಡ್ರಿ, ನೀವು ಅವತ್ತ ಗೋಕಾಕದಾಗ ಏನ್ ಹೇಳಿದ್ರಿ ಅಂತ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನ್ನ ಹೊಟ್ಟೆಯಲ್ಲಿ ಮಾತ್ರ ಮೆಣಸಿನಕಾಯಿ ಅರೆದ ಹಾಗಾಯಿತು. ಹೊಟ್ಟೆಕಿಚ್ಚು ಎಂಬುದು ಬರಿಯ ಮಾತೆಂದುಕೊಂಡಿದ್ದೆ. ಅಲ್ಲ, ಅದು ನಿಜವಾಗಿಯೂ ಉರಿಯುತ್ತದೆ. ಮೂಡಲಗಿಯಿಂದ ಗೋಕಾಕದವರೆಗೆ ಬಸ್ಸಿನ ಕಿಟಕಿ ತೆರೆದು ಗಾಳಿಗೆ ಮುಖವೊಡ್ಡಿ ಕೂತಿದ್ದೆ. ಗಾಳಿಗೆ ಕಿಚ್ಚು ಆರುತ್ತದೆಯೇ? ಇನ್ನಷ್ಟು ಹತ್ತಿತು.

ಮನೆಗೆ ಬಂದವಳು ಆ ರೊಟ್ಟಿಯಲ್ಲಿ ತೂತು ಹುಡುಕತೊಡಗಿದೆ. ಒಂದು ವಾರ ರೊಟ್ಟಿ ಬಡಿಯುವಾಗಲೆಲ್ಲ ಅದೇ ಯೋಚನೆ. ಯಜಮಾನರು ತಟ್ಟೆಯ ಮುಂದೆ ಕಾಯುತ್ತಿದ್ದರೆ ನಾನು ಹಸಿ ರೊಟ್ಟಿಯ ಮೇಲೆ ಬಗ್ಗಿ ಎಳ್ಳು ನೋಡುತ್ತಿದ್ದೆ. ಕೊನೆಗೆ ಸಿಕ್ಕಿತು. ರೊಟ್ಟಿಗೆ ನಡು ಇದೆ, ವಿಶ್ವಕ್ಕೆ ನಡುವಿಲ್ಲ! ಯಾರಾದರೂ ಇದನ್ನು ಕೇಳಿದರೆ ಲಕ್ಕಪ್ಪನ ಕಥೆ ಮುಗಿಯಿತು. ಆದರೆ ಈ ಪ್ರಶ್ನೆಗೆ ಉತ್ತರವೂ ಅದೇ ರೊಟ್ಟಿಯಲ್ಲಿದೆ ಎಂಬುದು ಎರಡು ದಿನದ ಮೇಲೆ ಹೊಳೆಯಿತು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ.

ಹುಕ್ಕೇರಿಯ ಸಭೆ ಜನವರಿಯ ಕಡೆಯ ವಾರ. ದೇಶಪಾಂಡೆ ಸರ್ ಅವರ ಕಾರು ಹತ್ತರಗಿಯ ಬಳಿ ಹೆದ್ದಾರಿಯಲ್ಲಿ ಸಿಕ್ಕಿಕೊಂಡು ತಡವಾಯಿತು. ಬೆಲ್ಲದ ಬಾಗೇವಾಡಿ, ಕಣಗಲಾ ಕಡೆಯಿಂದಲೂ ಜನ ಬಂದಿದ್ದರು. ಮೊದಲು ಮಾತಾಡಿದವಳು ನಾನು. ಕೃಷ್ಣನನ್ನು ಮನೆಯಲ್ಲೇ ಬಿಟ್ಟು ಡಾರ್ಕ್ ಎನರ್ಜಿ ಎಂದೇ ಹೇಳಿದೆ. ಪ್ರತಿ ವಿವರಣೆಯ ಕಷ್ಟವನ್ನೂ ಮುಂದಿಟ್ಟೆ. ಖಾಲಿ ಜಾಗದ ಶಕ್ತಿಯನ್ನು ಸಿದ್ಧಾಂತದಿಂದ ಲೆಕ್ಕ ಹಾಕಿದರೆ, ಅಳೆದು ಕಂಡದ್ದಕ್ಕಿಂತ ಅದು ಒಂದರ ಮುಂದೆ ನೂರಿಪ್ಪತ್ತು ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚು ಬರುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕಿಂತ ಕೆಟ್ಟ ತಾಳೆ ಇನ್ನೊಂದಿಲ್ಲ. ಗುರುತ್ವದ ನಿಯಮವನ್ನೇ ಬದಲಿಸುವ ಎಷ್ಟೋ ಸಿದ್ಧಾಂತಗಳು ೨೦೧೭ರಲ್ಲಿ ಬಿದ್ದುಹೋದವು, ಏಕೆಂದರೆ ದೂರದ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಹೊರಟ ಗುರುತ್ವದ ಅಲೆಯೂ ಬೆಳಕೂ ಹೆಚ್ಚುಕಡಿಮೆ ಒಟ್ಟಿಗೇ ಭೂಮಿಗೆ ತಲುಪಿದವು; ಆ ಸಿದ್ಧಾಂತಗಳ ಲೆಕ್ಕದಲ್ಲಿ ಎರಡರ ವೇಗ ಬೇರೆ ಬೇರೆಯಾಗಬೇಕಿತ್ತು. ಇತ್ತೀಚಿನ ಗೆಲಾಕ್ಸಿ ಸಮೀಕ್ಷೆಯೊಂದು, ಈ ಶಕ್ತಿ ನಿಧಾನವಾಗಿ ಸೋಲುತ್ತಿರಬಹುದೇ ಎಂಬ ಅನುಮಾನ ಹುಟ್ಟಿಸಿದೆ, ಖಚಿತವಾಗಿಲ್ಲ. ಜನ ಮರ್ಯಾದೆಯಿಂದ ಕೇಳಿ, ಮರ್ಯಾದೆಯಿಂದಲೇ ಚಪ್ಪಾಳೆ ತಟ್ಟಿದರು.

ಆಮೇಲೆ ಲಕ್ಕಪ್ಪ ಬಂದ. ಮೂಡಲಗಿಯ ಚಪ್ಪಾಳೆ ತಲೆಗೇರಿತ್ತು ಎಂದು ಕಾಣುತ್ತದೆ, ಈ ಸಲ ಪರಾತದಲ್ಲಿ ಸಜ್ಜೆ ಹಿಟ್ಟು ನಾದಿಸಿಕೊಂಡೇ ಬಂದಿದ್ದ. ವೇದಿಕೆಯ ಮೇಲೆ ಮಣೆ ಹಾಕಿ ಕೂತು ಬಡಿಯತೊಡಗಿದ. ಸಜ್ಜೆ ಹಿಟ್ಟು ಜೋಳದ ಹಿಟ್ಟಿನಂತಲ್ಲ, ಕೈ ಪಳಗದವರಿಗೆ ಬಗ್ಗುವುದಿಲ್ಲ. ಒಂದು ಕಡೆ ಹರಿಯಿತು, ಇನ್ನೊಂದು ಕಡೆ ದಪ್ಪ ಉಳಿಯಿತು, ಕೊನೆಗೆ ಅದು ನಮ್ಮ ರಾಜ್ಯದ ನಕಾಶೆಯ ಹಾಗೆ ಉದ್ದಕ್ಕೆ ನಿಂತಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಮುಚ್ಚಿಕೊಳ್ಳದೆಯೇ ನಕ್ಕೆ.

ದೇಶಪಾಂಡೆ ಸರ್ ಕನ್ನಡಕ ತೆಗೆದರು. "ಪೂಜೇರಿ, ಉದಾಹರಣಿ ಛಲೋ ಐತಿ. ಆದ್ರ ನಿನ್ನ ರೊಟ್ಟಿಗೆ ನಡು ಐತಿ. ಕೈ ಅಲ್ಲಿಂದs ಸುರು ಆಗ್ತೈತಿ. ವಿಶ್ವದ ನಡು ಎಲ್ಲೈತಿ?"

ಅದೇ ಪ್ರಶ್ನೆ! ನನ್ನ ಎದೆ ಹಿಗ್ಗಿತು. ಈ ಪ್ರಶ್ನೆ ಇವನನ್ನು ಮುಳುಗಿಸುತ್ತದೆ, ಅಧ್ಯಾಯ ನನ್ನದು. ಲಕ್ಕಪ್ಪ ಹರಿದ ರೊಟ್ಟಿಯನ್ನು ನೋಡಿದ, ಹಿಟ್ಟಿನ ಕೈಯಿಂದಲೇ ಬೆವರು ಒರೆಸಿಕೊಂಡ. "ನಡು ಅಂದ್ರ ಸರ್, ಮೊದಲು ಮಹಾಸ್ಫೋಟ ಎಲ್ಲಿ ಆತೋ ಅಲ್ಲಿ..." ಎಂದು ಶುರು ಮಾಡಿದ.

ತಪ್ಪು! ಶುದ್ಧ ತಪ್ಪು. ಮಹಾಸ್ಫೋಟ ಒಂದು ಜಾಗದಲ್ಲಿ ಆದದ್ದಲ್ಲ, ಎಲ್ಲ ಜಾಗದಲ್ಲೂ ಆದದ್ದು. ಇದು ಅವನಿಗೂ ಗೊತ್ತಿತ್ತು, ಹೆದರಿಕೆಯಲ್ಲಿ ಬಾಯಿಂದ ಬಂದುಬಿಟ್ಟಿತು. ಅವನು ಮುಳುಗಿದರೆ ನನಗೇನು, ಮುಳುಗಲಿ. ಆದರೆ ರೊಟ್ಟಿಯನ್ನೂ ಜೊತೆಗೆ ಮುಳುಗಿಸುತ್ತಿದ್ದನಲ್ಲ! ಬೆಲ್ಲದ ಬಾಗೇವಾಡಿಯ ಮಂದಿ ನಾಳೆ ಮನೆಗೆ ಹೋಗಿ, ವಿಶ್ವಕ್ಕೆ ನಡುವಿದೆಯಂತೆ ಎಂದು ಹೇಳುತ್ತಾರೆ, ನನ್ನ ರೊಟ್ಟಿಯನ್ನೇ ಸಾಕ್ಷಿ ತೋರಿಸುತ್ತಾರೆ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ವೇದಿಕೆ ಹತ್ತಿದೆ.

"ಸರೀರಿ ಪೂಜೇರಿ ಸರ್. ಮಣಿ ಬಿಡ್ರಿ."

ಅವನು ಎದ್ದ. ನಾನು ಸೆರಗು ಸಿಕ್ಕಿಸಿ ಕೂತೆ. ಹೊಸ ಉಂಡೆ ಮಾಡಿ, ಎಳ್ಳು ಹಚ್ಚಿ, ಅಂಗೈಯಗಲ ಬಡಿದು ನಿಲ್ಲಿಸಿದೆ.

"ಸರ್, ಯಾವುದರ ಒಂದು ಎಳ್ಳು ಹೇಳ್ರಿ. ಅಂಚಿನ ಕಡೀದಿದ್ರೂ ನಡೀತೈತಿ."

ದೇಶಪಾಂಡೆ ಸರ್ ಎದ್ದು ಬಂದು ಒಂದು ಎಳ್ಳನ್ನು ಬೆರಳಿನಿಂದ ತೋರಿಸಿದರು. "ಈಗ ನೀವು ಆ ಎಳ್ಳಿನ ಮ್ಯಾಲ ಕುಂತೀರಿ ಅಂತ ತಿಳಕೋರಿ. ಬಾಜೂದ ಎಳ್ಳು ಒಂದು ಬೆರಳು ದೂರ ಐತಿ. ಆಚೀದು ನಾಲ್ಕು ಬೆರಳು." ಮತ್ತೆ ಬಡಿದೆ. ಕೈ ತಾನಾಗಿಯೇ ತಿರುಗಿತು, ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಇಮ್ಮಡಿಯಾಯಿತು. "ಈಗ ನೋಡ್ರಿ. ಒಂದು ಬೆರಳಿಂದು ಎರಡಾತು. ನಾಲ್ಕು ಬೆರಳಿಂದು ಎಂಟಾತು. ಅಷ್ಟs ಹೊತ್ತಿನ್ಯಾಗ ದೂರಿಂದು ಹೆಚ್ಚು ಓಡೇತಿ. ನಿಮ್ಮ ಎಳ್ಳಿಗೆ ಏನ್ ಅನಸ್ತೈತಿ? ನಾನs ನಡು, ಉಳಿದವು ಎಲ್ಲಾ ನನ್ನ ಬಿಟ್ಟು ಓಡಾಕತ್ತಾವು ಅಂತ. ಬಾಜೂದ ಎಳ್ಳನ್ನ ಕೇಳ್ರಿ, ಅದೂ ಹಂಗs ಅಂತೈತಿ. ನಡು ಅಂತ ಒಂದಿಲ್ರಿ. ಎಲ್ಲಾ ಎಳ್ಳಿಗೂ ತಾನs ನಡು."

ದೇಶಪಾಂಡೆ ಸರ್ ಬಿಡಲಿಲ್ಲ. "ಮತ್ತ ಅಂಚು?"

"ಅಂಚಿನ ಮಾತಿಗೆ ಈ ರೊಟ್ಟಿ ಸಾಲೂದಿಲ್ಲ ಸರ್. ಅಂಚs ಇಲ್ಲದ ರೊಟ್ಟಿ ಬಡಿಯಾಕ ನನಗ ಬರೂದಿಲ್ಲ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲಿನ ಚಪ್ಪಾಳೆ ಶಬ್ದ ಬರುವ ಚಪ್ಪಾಳೆ. ಇನ್ನು ನನ್ನ ಹೆಸರು ಹೇಳುತ್ತಾರೆಂದು ಹಿಟ್ಟಿನ ಕೈ ಒರೆಸಿಕೊಂಡು ನಿಂತೆ. ದೇಶಪಾಂಡೆ ಸರ್ ಮೈಕ್ ಹಿಡಿದು ಹೇಳಿದರು: "ರೊಟ್ಟಿ ಹೊಳೆದದ್ದು ಅವನಿಗೆ, ಬಡಿಯಾಕ ಬಂದದ್ದು ಇವರಿಗೆ. ಇಬ್ಬರೂ ಕೂಡಿ ಬರೀರಿ."

ಕೂಡಿ! ಆಮೇಲಿನ ಎರಡು ತಿಂಗಳ ಜಗಳ ಬರೆದರೆ ಅದೇ ಒಂದು ಪುಸ್ತಕವಾದೀತು. ನಾನು ಬರೆದ ವಾಕ್ಯವನ್ನು ಅವನು ಮುರಿಯುತ್ತಿದ್ದ, ಅವನು ಮುರಿದದ್ದನ್ನು ನಾನು ಮತ್ತೆ ಜೋಡಿಸುತ್ತಿದ್ದೆ. ಆದರೆ ಅಧ್ಯಾಯ ಚೆನ್ನಾಗಿ ಬಂತು, ಸುಳ್ಳು ಏಕೆ ಹೇಳಲಿ. ಲೇಖಕರ ಹೆಸರನ್ನು ಅಕಾರಾದಿಯಾಗಿ ಹಾಕುತ್ತೇವೆಂದರು. ಅಂಗಡಿ ಎಂದರೆ ಅಕಾರವೇ ಮೊದಲು, ಎಂದು ನಾನು ಖುಷಿಯಾಗಿದ್ದೆ. ಪುಸ್ತಕ ಕೈಗೆ ಬಂದಾಗ ನೋಡಿದರೆ ಅಡ್ಡಹೆಸರಲ್ಲ, ಹೆಸರನ್ನು ಹಿಡಿದು ಜೋಡಿಸಿದ್ದರು. ಲಕ್ಕಪ್ಪ ಪೂಜೇರಿ ಮೊದಲು, ಸುಮಂಗಲಾ ಅಂಗಡಿ ಆಮೇಲೆ. ಕನ್ನಡ ವರ್ಣಮಾಲೆಯೂ ಅವನ ಕಡೆಗೇ!

ನಿವೃತ್ತಿಯಾದ ಮೇಲೆ ಒಂದು ದಿನ ಅವನ ಫೋನ್ ಬಂತು. ಕಣಗಲಾದಲ್ಲಿ ಉಪನ್ಯಾಸವಿದೆ, ಬನ್ನಿ ಎಂದು ಕರೆದ.

"ನನ್ನ ಯಾಕ ಕರೀತೀರಿ? ನಿಮಗ ಮಾತು ಬರ್ತೈತಿ, ಜನಾ ನಗತಾರ, ಸಾಕಲ್ಲ?" ಎಂದೆ.

"ಅಕ್ಕಾರ, ಖರೆ ಹೇಳ್ಲಿ? ಅವತ್ತ ಹುಕ್ಕೇರ್ಯಾಗ ನಿಮ್ಮ ರೊಟ್ಟಿ ದುಂಡಗ ತಿರುಗಿದ್ದು ನೋಡಿ ನನ್ನ ಹೊಟ್ಟಿ ಅಷ್ಟು ಉರೀತ್ರಿ! ನಾ ಎಷ್ಟು ಓದಿದ್ರೂ ನಿಮ್ಮ ಸರಿಸಮ ಆಗೂದಿಲ್ಲ ಅಂತ ಮೊದಲs ಗೊತ್ತಿತ್ತು. ರೊಟ್ಟಿ ಒಂದರ ನನ್ನ ಕೈಯಾಗ ಇರ್ಲಿ ಅಂದ್ರ ಅದನ್ನೂ ಕಸಗೊಂಡ್ರಿ. ಅವತ್ತಿಂದ ದಿನಾ ಮನ್ಯಾಗ ಬಡಿಯಾಕ ಕಲಿಯಾಕತ್ತೇನಿ. ಮನಿ ಮಂದಿ ಎಲ್ಲಾ ಹರಕ ರೊಟ್ಟಿ ತಿಂದು ಬ್ಯಾಸತ್ತಾರ್ರಿ."

ಫೋನ್ ಇಟ್ಟ ಮೇಲೆ ಹುಕ್ಕೇರಿಯ ಆ ರೊಟ್ಟಿ ನೆನಪಾಯಿತು. ಅಷ್ಟು ಜನರ ಮುಂದೆ, ಎಳ್ಳಿನ ಮೇಲೆ ಕೂತು ನೋಡಿ ಎಂದು ಹೇಳಿದವಳು ನಾನು. ಅವನ ಎಳ್ಳಿನ ಮೇಲೆ ಕೂತು ನೋಡಿದರೆ ಓಡುತ್ತಿದ್ದವಳು ನಾನೇ, ಹಿಂದೆ ಉಳಿದವನು ಅವನು! ನನ್ನ ನೌಕರಿ ಕಲಿಸಿದ್ದರಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ: ಎಲ್ಲರೂ ನಮ್ಮನ್ನು ಬಿಟ್ಟು ಮುಂದೆ ಹೋಗುತ್ತಿದ್ದಾರೆ ಎಂದು ಕಾಣುವುದು ನಾವು ಕೂತ ಜಾಗದಿಂದ. ತಿಳಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ? ಇಲ್ಲ. ಕಿಚ್ಚು ಹೇಗೂ ಹತ್ತಿದೆ, ಅದರ ಮೇಲೆ ಹಂಚು ಇಟ್ಟು ಒಂದು ರೊಟ್ಟಿಯನ್ನಾದರೂ ಬೇಯಿಸಿಕೊಳ್ಳಬೇಕು.

ಕಣಗಲಾಕ್ಕೆ ಬರುತ್ತೇನೆಂದು ಹೇಳಿದ್ದೇನೆ. ಡಾರ್ಕ್ ಎನರ್ಜಿ ಸೋಲುತ್ತಿದೆಯೋ ಇಲ್ಲವೋ ಎಂಬ ಹೊಸ ಲೇಖನಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಲಕ್ಕಪ್ಪನ ರೊಟ್ಟಿ ದುಂಡಗಾಗುವುದರೊಳಗೆ ನಾನು ಅವನ್ನು ಓದಿ ಮುಗಿಸಬೇಕು.